“ಬಾಯಿ ಮುಚ್ಚಿಕೊಂಡು ದುಡಿಯುವವರೇ ಒಳ್ಳೆ ಕೆಲಸಗಾರರು”: ಈ ಮಾತು ಎಷ್ಟು ನಿಜ?

ಬೆಳಗಾದರೆ ಸಾಕು, ಯಾವುದಾದರೊಂದು ಗ್ರೂಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ “ಮಾತು ಬೆಳ್ಳಿ, ಮೌನ ಬಂಗಾರ” ಎಂಬ ಫಾರ್ವರ್ಡ್ ಬಂದು ಬಿದ್ದಿರುತ್ತದೆ. ಜಗಳ ಆಗುವ ಹೊತ್ತಿನಲ್ಲಿ ಈ ಗಾದೆ ಉಪಯೋಗಕ್ಕೆ ಬರಬಹುದು. ಆದರೆ ಕೆಲಸದ ಜಾಗದಲ್ಲಿ ಇದೇ ಗಾದೆಗೆ ಬೇರೆ ಅರ್ಥ ಬರುತ್ತದೆ. ಏನನ್ನೂ ಕೇಳದವರು ಒಳ್ಳೆಯವರು, ಕೇಳಿದವರು ತಂಟೆಕೋರರು ಎಂದಾಗುತ್ತದೆ.

ಕೊಳ್ಳೇಗಾಲದ ಒಂದು ಸೀರೆ ಅಂಗಡಿಯನ್ನು ಊಹಿಸಿಕೊಳ್ಳಿ. ಮದುವೆ ಸೀಸನ್. ಹನೂರು, ಯಳಂದೂರು ಕಡೆಯಿಂದಲೂ ಜನ ಬಂದಿದ್ದಾರೆ. ಸೀರೆ ತೋರಿಸುವ ಹೆಣ್ಣುಮಗಳು ಬೆಳಗ್ಗೆಯಿಂದ ನಿಂತೇ ಇದ್ದಾಳೆ. ಅಂಗಡಿಯಲ್ಲಿ ಶೌಚಾಲಯವಿಲ್ಲ. ಆಗಾಗ ಹೊರಗೆ ಹೋದರೆ ಓನರ್ ಏನಂದುಕೊಳ್ಳುತ್ತಾರೋ ಎಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. “ಏನಮ್ಮ, ಎಲ್ಲಾ ಸರಿಯಿದೆಯಾ?” ಎಂದರೆ “ಏನಿಲ್ಲಣ್ಣ, ಸರಿಯಿದೆ” ಎನ್ನುತ್ತಾಳೆ.

ಈ ಮೌನ ಬಂಗಾರವೇ? ವಿಜ್ಞಾನ ಏನು ಹೇಳುತ್ತದೆ ನೋಡೋಣ.

ತಪ್ಪು ಕಲ್ಪನೆ 1: “ನೀರು ಕಡಿಮೆ ಕುಡಿದರೆ ಸಮಸ್ಯೆಯೇ ಇರಲ್ಲ”

ಸಮಸ್ಯೆ ಹೆಚ್ಚಾಗುತ್ತದೆ. ಮೂತ್ರನಾಳದ ಸೋಂಕಿಗೆ ಮುಖ್ಯ ಕಾರಣ ನಮ್ಮ ಕರುಳಿನಲ್ಲೇ ಇರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ. ಹೆಂಗಸರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದವಿರುವುದರಿಂದ ಅದು ಮೂತ್ರಕೋಶವನ್ನು ಬೇಗ ತಲುಪುತ್ತದೆ. ಆಗಾಗ ಮೂತ್ರ ಹೋದಾಗ ಈ ಬ್ಯಾಕ್ಟೀರಿಯಾ ಹೊರಗೆ ತೊಳೆದುಹೋಗುತ್ತದೆ. ನೀರು ಕುಡಿಯದೆ, ಬಂದ ಮೂತ್ರವನ್ನೂ ತಡೆದುಕೊಂಡರೆ ಅದಕ್ಕೆ ಬೆಳೆಯಲು ಸಮಯ ಸಿಗುತ್ತದೆ.

ಪದೇ ಪದೇ ಈ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಯಲು ಹೇಳಲಾಯಿತು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕು ಬಂದರೆ, ಉಳಿದವರಿಗೆ 3.2 ಬಾರಿ ಬಂತು. ನೀರೇ ಇಷ್ಟು ವ್ಯತ್ಯಾಸ ಮಾಡಿತು.

ಹಾಗಾಗಿ “ಅಣ್ಣ, ಬಾತ್‌ರೂಮಿಗೆ ಒಂದು ವ್ಯವಸ್ಥೆ ಮಾಡಿ” ಎನ್ನುವುದು ಆರೋಗ್ಯದ ಪ್ರಶ್ನೆ. ದಿನವಿಡೀ ನಿಂತು ಸೊಂಟ ನೋಯಿಸಿಕೊಳ್ಳುವವರಿಗೆ ಒಂದು ಸ್ಟೂಲ್, ರೇಷ್ಮೆ ನೂಲು ಬಿಚ್ಚುವಾಗ ಬಿಸಿನೀರಿನಲ್ಲಿ ಕೈಯಿಟ್ಟು ಚರ್ಮ ಒಡೆಸಿಕೊಳ್ಳುವವರಿಗೆ ಸ್ವಲ್ಪ ಬಿಡುವು ಕೇಳುವುದೂ ಅಷ್ಟೇ.

ತಪ್ಪು ಕಲ್ಪನೆ 2: “ದೂರು ಬರದ ಜಾಗವೇ ಒಳ್ಳೆಯ ಜಾಗ”

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಊಹೆ. ಸಿಕ್ಕ ಲೆಕ್ಕ ಉಲ್ಟಾ ಇತ್ತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು!

ಕಾರಣ ಹುಡುಕಿದಾಗ ವಿಷಯ ತಿಳಿಯಿತು. ಅಲ್ಲಿನ ನರ್ಸ್‌ಗಳಿಗೆ ತಪ್ಪನ್ನು ಹೇಳಿಕೊಳ್ಳಲು ಭಯವಿರಲಿಲ್ಲ. ಬೇರೆ ವಾರ್ಡುಗಳಲ್ಲಿ ಬೈಗುಳದ ಭಯಕ್ಕೆ ತಪ್ಪುಗಳನ್ನು ಮುಚ್ಚಿಡುತ್ತಿದ್ದರು. “ಇಲ್ಲಿ ಬಾಯಿ ಬಿಟ್ಟರೆ ನನಗೇನೂ ಕೆಟ್ಟದ್ದಾಗದು” ಎಂಬ ಈ ನಂಬಿಕೆಗೆ ‘ಮಾನಸಿಕ ಸುರಕ್ಷತೆ’ ಎನ್ನುತ್ತಾರೆ. ಅಂದರೆ, ನಿಮ್ಮಲ್ಲಿಗೆ ಒಂದೂ ದೂರು ಬರುತ್ತಿಲ್ಲ ಎಂದರೆ ತೊಂದರೆ ಇಲ್ಲವೆಂದು ಅರ್ಥವಲ್ಲ. ಅದು ನಿಮ್ಮ ಕಿವಿಗೆ ಬೀಳುತ್ತಿಲ್ಲದಿರಬಹುದು.

ತಪ್ಪು ಕಲ್ಪನೆ 3: “ಕೇಳಲು ಬಿಟ್ಟರೆ ತಲೆ ಮೇಲೆ ಕೂರುತ್ತಾರೆ”

ಇದನ್ನು ನಮ್ಮ ದೇಶದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ಪರೀಕ್ಷಿಸಿದ್ದಾರೆ. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾಗಿ ಕಾರ್ಮಿಕರು ಬೇಸರದಲ್ಲಿದ್ದ ಸಮಯ. ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಹೆಸರು ಹೇಳದೆ ಅಭಿಪ್ರಾಯ ತಿಳಿಸಲು ಅವಕಾಶ ಕೊಟ್ಟರು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳಿದರು. ಹೀಗೆ ಮಾತಾಡಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರೂ, ರಜೆ ಹಾಕಿದವರೂ ಕಡಿಮೆ. ಹೆಚ್ಚು ಬೇಸರಗೊಂಡವರಲ್ಲಿ ಈ ಪರಿಣಾಮ ಇನ್ನೂ ಚೆನ್ನಾಗಿ ಕಂಡಿತು.

ಹಾಗೆಂದು ಸಂಬಳದ ಬದಲು ಬರೀ ಮಾತು ಕೇಳಿಸಿಕೊಂಡರೆ ಸಾಕು ಎಂದಲ್ಲ. ಕೇಳಿಸಿಕೊಂಡರೆ ಮಾಲೀಕರಿಗೆ ನಷ್ಟ ಎಂಬ ಭಯಕ್ಕೆ ಆಧಾರವಿಲ್ಲ, ಅಷ್ಟೇ.

ಯಾರೂ ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2016ರ ಬೆಂಗಳೂರು ಉದಾಹರಣೆ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಕ್ಕಳ ಫೀಸು, ಮದುವೆ, ಆಸ್ಪತ್ರೆ ಖರ್ಚಿಗೆ ಆ ಹಣವನ್ನೇ ನಂಬಿದವರನ್ನು ಯಾರೂ ಕೇಳಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಮಹಿಳೆಯರು, ರಸ್ತೆಗಿಳಿದರು. 19ರಂದೇ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಮೊದಲೇ ಕೇಳಿದ್ದರೆ ಮಾತಿನಲ್ಲಿ ಮುಗಿಯುತ್ತಿತ್ತು.

ಒಂದು ಸ್ಟೂಲಿಗಾಗಿ

ಕೇರಳದ ಕೋಳಿಕ್ಕೋಡ್‌ನಲ್ಲೂ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳ ಪರಿಸ್ಥಿತಿ ನಮ್ಮ ಸೀರೆ ಅಂಗಡಿಯ ಹೆಣ್ಣುಮಗಳದ್ದೇ ಆಗಿತ್ತು. ಟೈಲರ್ ಆಗಿದ್ದ ವಿಜಿ ಅವರು ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ಕಾನೂನು ತಿದ್ದಿತು. 2021ರಲ್ಲಿ ಹನೂರಿಗೆ ಹೊಂದಿಕೊಂಡಿರುವ ತಮಿಳುನಾಡೂ ಅಂಗಡಿ ಸಿಬ್ಬಂದಿಗೆ ಆಸನ ಕೊಡಬೇಕೆಂದು ಕಾನೂನು ಮಾಡಿತು.

ನಮ್ಮಲ್ಲಿ ಯಾವ ದಾರಿಗಳಿವೆ?

ಅಂಗಡಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಪ್ರಕಾರ ಐದು ಗಂಟೆ ಕೆಲಸದ ಬಳಿಕ ವಿರಾಮ ಕೊಡಬೇಕು, ವಾರಕ್ಕೊಂದು ದಿನ ರಜೆ ಕೊಡಬೇಕು.

20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮನಾಗಿರಬೇಕು, ಮಹಿಳೆಯರಿಗೂ ಜಾಗವಿರಬೇಕು. ದೂರನ್ನು 30 ದಿನಗಳೊಳಗೆ ಮುಗಿಸಬೇಕು.

ಲೈಂಗಿಕ ಕಿರುಕುಳದ ದೂರಿಗೆ, 10 ಅಥವಾ ಹೆಚ್ಚು ಜನ ದುಡಿಯುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಜಾಗದಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಸಂಬಳ, ರಜೆ, ಕೆಲಸದ ಸಮಯದ ಬಗ್ಗೆ ತಾಲೂಕಿನ ಕಾರ್ಮಿಕ ನಿರೀಕ್ಷಕರನ್ನು ಕಾಣಬಹುದು. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ನೀವು ಕೆಲಸಗಾರರಾಗಿದ್ದರೆ

ಕೆಲಸ ಹೋಗುವ ಭಯ ಸುಳ್ಳಲ್ಲ. ಹಾಗಾಗಿ ಒಬ್ಬರೇ ಹೋಗುವ ಬದಲು ಇಬ್ಬರು ಮೂವರು ಸೇರಿ ಹೋಗಿ. ಗಿರಾಕಿಗಳ ಮುಂದೆ ಬೇಡ, ಬಿಡುವಿನ ಹೊತ್ತು ನೋಡಿ. “ತುಂಬಾ ಕಷ್ಟ ಆಗ್ತಿದೆ” ಎನ್ನುವುದಕ್ಕಿಂತ “ಅಣ್ಣ, ಕೌಂಟರ್ ಹಿಂದೆ ಎರಡು ಸ್ಟೂಲ್ ಹಾಕಿಸಿ, ಗಿರಾಕಿ ಇಲ್ಲದಾಗ ಕೂತ್ಕೋತೀವಿ” ಎಂದು ಬೇಕಾದ್ದನ್ನೇ ಹೇಳಿ. ಕೇಳಿದ ದಿನಾಂಕ ಬರೆದಿಟ್ಟುಕೊಳ್ಳಿ.

ನೀವು ಮಾಲೀಕರಾಗಿದ್ದರೆ

“ಏನಾದರೂ ತೊಂದರೆ ಇದೆಯಾ?” ಎಂದು ಕೇಳಿದರೆ “ಏನಿಲ್ಲಣ್ಣ” ಎಂಬ ಉತ್ತರವೇ ಬರುತ್ತದೆ. “ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತು ಸಿಕ್ತು? ಬಾತ್‌ರೂಮಿಗೆ ಎಲ್ಲಿಗೆ ಹೋಗ್ತೀರಾ?” ಎಂದು ಕೇಳಿ ನೋಡಿ. ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಡಿ. ಮೊದಲು ಬಾಯಿ ಬಿಟ್ಟವರನ್ನು ಬೈದರೆ ಎರಡನೆಯವರು ಯಾವತ್ತೂ ಬಾಯಿ ಬಿಡುವುದಿಲ್ಲ. ಕೇಳಿದ್ದು ಕೊಡಲು ಆಗದಿದ್ದರೆ ಏಕೆ ಆಗದು ಎಂದು ಹೇಳಿ. ಒಂದು ಚಿಕ್ಕ ಕೋರಿಕೆಯನ್ನಾದರೂ ಅದೇ ವಾರ ಈಡೇರಿಸಿ.

ಒಟ್ಟಿನಲ್ಲಿ, ಬಾಯಿ ಮುಚ್ಚಿಕೊಂಡು ದುಡಿಯುವವರೇ ಒಳ್ಳೆ ಕೆಲಸಗಾರರು ಎಂಬುದು ತಪ್ಪು ತಿಳಿವಳಿಕೆ. ನಮ್ಮಲ್ಲೇ ಇನ್ನೊಂದು ಗಾದೆಯಿದೆ: ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನಾಳೆ ಗ್ರೂಪಿನಲ್ಲಿ “ಮೌನ ಬಂಗಾರ” ಬಂದರೆ ಉತ್ತರವಾಗಿ ಇದನ್ನು ಕಳಿಸಿ. ಜೊತೆಗೆ ಅಂಗಡಿಯಲ್ಲೋ, ಗಾರ್ಮೆಂಟ್ಸ್‌ನಲ್ಲೋ ದುಡಿಯುವ ನಿಮ್ಮ ಮನೆಯವರನ್ನು ಇವತ್ತು ಸಂಜೆ ಒಂದು ಮಾತು ಕೇಳಿ: “ಇವತ್ತು ಎಷ್ಟು ನೀರು ಕುಡಿದ್ರಿ?”