ನಿತ್ಯಹರಿದ್ವರ್ಣ ಮರಗಳು: ಎಲೆಯ ಗುರುತು, ರೋಗದ ಗುರುತು

ತಾಳವಾಡಿ ಬೆಟ್ಟಗಳ ಕಾಡಿನಲ್ಲಿ ಬೇಸಗೆಯ ವೇಳೆಗೆ ತೇಗ, ದಿಂಡಿಗ ಮೊದಲಾದ ಮರಗಳು ಎಲೆಯುದುರಿಸಿ ಬರಿದಾಗುತ್ತವೆ. ಹಳ್ಳದ ದಂಡೆಯ ನೇರಳೆ, ಮಾವು ಹಸಿರಾಗಿಯೇ ಉಳಿಯುತ್ತವೆ. ನಿತ್ಯಹರಿದ್ವರ್ಣ ಮರದಲ್ಲಿಯೂ ಎಲೆ ಉದುರುತ್ತದೆ. ಆದರೆ ಹಳೆಯ ಎಲೆಗಳು ಸ್ವಲ್ಪಸ್ವಲ್ಪವಾಗಿ ಬೀಳುವುದರಿಂದ ಮರವು ಒಮ್ಮೆಲೇ ಬೋಳಾಗುವುದಿಲ್ಲ.

ಇವುಗಳ ಎಲೆ ಸಾಮಾನ್ಯವಾಗಿ ದಪ್ಪವಾಗಿ, ಹೊಳಪಾಗಿರುತ್ತದೆ. ನೇರಳೆಯ ಎಲೆಗಳು ಎದುರುಬದುರಾಗಿರುತ್ತವೆ. ಎಲೆಯಂಚಿನುದ್ದಕ್ಕೂ ತೆಳುವಾದ ನರವೊಂದು ಸಾಗುತ್ತದೆ. ಮಾವಿನ ಎಲೆಗಳು ರೆಂಬೆಯ ತುದಿಯಲ್ಲಿ ಗುಂಪಾಗಿರುತ್ತವೆ. ಗಾಳಿಮರದ ‘ಸೂಜಿ’ಯು ಎಲೆಯಲ್ಲ, ಹಸಿರು ಕಿರುರೆಂಬೆ. ಅದನ್ನು ಗಿಣ್ಣಿನಲ್ಲಿ ಎಳೆದು ಬಿಡಿಸಿದರೆ ಸುತ್ತಲೂ ಕಾಣುವ ಚಿಕ್ಕ ಹಲ್ಲುಗಳೇ ನಿಜವಾದ ಎಲೆಗಳು.

ಮರಕ್ಕೆ ರೋಗವಿದೆಯೇ ಎಂದು ತಿಳಿಯಲು, ಎಲ್ಲಿ ಒಣಗಿದೆ, ಯಾವಾಗ ಒಣಗಿದೆ ಎಂಬ ಎರಡನ್ನೂ ನೋಡಬೇಕು. ರೆಂಬೆಯ ಬುಡದ ಹಳೆಯ ಎಲೆಗಳು ಹಳದಿಯಾಗುವುದು ಸಹಜ. ಬೇವು ಬೇಸಗೆಯ ಮೊದಲಲ್ಲಿ ಎಲೆಯುದುರಿಸಿ ಯುಗಾದಿಯ ಹೊತ್ತಿಗೆ ಚಿಗುರುವುದೂ ಸಹಜವೇ. ಆದರೆ ಮಳೆಗಾಲದಲ್ಲಿ ಬೇವಿನ ರೆಂಬೆಗಳು ತುದಿಯಿಂದ ಕೆಳಕ್ಕೆ ಕಂದಾಗಿ ಒಣಗತೊಡಗಿದರೆ ಅದು ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗದ ಲಕ್ಷಣ. ಇದರಿಂದ ಹೂವೂ ಕಾಯಿಯೂ ನಷ್ಟವಾಗುತ್ತವೆ.

ಚಟುವಟಿಕೆ: ಪ್ರತಿ ವಿದ್ಯಾರ್ಥಿಯೂ ಒಂದು ಮರವನ್ನು ಆರಿಸಿಕೊಂಡು ಜೂನ್ ತಿಂಗಳಿನಿಂದ ತಿಂಗಳಿಗೊಮ್ಮೆ ಅದರ ತುದಿ, ಬುಡಗಳ ಎಲೆಗಳನ್ನು ನೋಡಿ ಬರೆದಿಡಲಿ. ತುದಿ ಒಣಗಿದ ಬೇವು ಮತ್ತೆ ಚಿಗುರಬಲ್ಲದು. ಸತ್ತಿತೆಂದು ಬಗೆದು ಕಡಿಯಬಾರದೆಂಬುದನ್ನು ಮಕ್ಕಳು ಮನೆಗೂ ತಿಳಿಸಲಿ.