ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಬರುವುದಿಲ್ಲ: ಲಿನಕ್ಸ್‌ನಲ್ಲಿ ಆಲ್ ಇನ್ ಒನ್ ಪ್ರಿಂಟರ್ ಜೋಡಿಸುವುದು ಹೇಗೆ?

ಸೊಲ್ಲಾಪುರದಲ್ಲಿ ನನ್ನದು ಚಾದರ, ಟವೆಲ್ ವ್ಯಾಪಾರ. ಇಲ್ಲಿನ ಮಾಲು ಖರೀದಿಸಿ ಊರಿಗೆ, ಅಂದರೆ ಮಂಗಳೂರು ಕಡೆಗೆ ಕಳಿಸುವುದು. ಬಿಲ್ ಪ್ರಿಂಟ್ ಮಾಡಲು, ಲಾರಿ ರಸೀದಿ ಸ್ಕ್ಯಾನ್ ಮಾಡಲು ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್, ಒಂದು ಆಲ್ ಇನ್ ಒನ್ ಪ್ರಿಂಟರ್ ಉಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ನನ್ನ ಕಂಪ್ಯೂಟರ್‌ಗೆ ಹಾಕಲು ಆಗುವುದಿಲ್ಲ. ಹೊಸದು ಕೇಳಿದರೆ 40 ಸಾವಿರದ ಹತ್ತಿರ ಹೇಳಿದರು. ಬಿ.ಕಾಂ. ಓದಿದವನಲ್ಲವೇ, ಕೂಡಿಸಿ ಕಳೆದು ನೋಡಿ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಪ್ರಿಂಟ್ ಐದೇ ನಿಮಿಷದಲ್ಲಿ ಬಂತು. ಸ್ಕ್ಯಾನ್ ಮಾತ್ರ ಎಂತ ಮಾಡಿದರೂ ಬರಲಿಲ್ಲ.

ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯನಿಗೂ ಇದೇ ಕಷ್ಟ. ಆ ತಾಲೂಕಿನಲ್ಲಿ ಕನ್ನಡ ಮಾತಾಡುವವರು ಬಹಳ, ಕನ್ನಡ ಶಾಲೆಗಳೂ ಉಂಟು. ಒಂದು ಸಂಜೆ ಹಳ್ಳಿಯಿಂದ ಬಂದ ತಂದೆಯೊಬ್ಬರು ಮಗಳ ಸ್ಕಾಲರ್‌ಶಿಪ್ ದಾಖಲೆ ಹಿಡಿದುಕೊಂಡು, "ಅಣ್ಣಾರ, ಇವತ್ತ ಕಡೀ ದಿನಾ ಐತ್ರಿ, ಲಗೂ ಸ್ಕ್ಯಾನ್ ಮಾಡಿ ಕೊಡ್ರಿ" ಅಂದರಂತೆ. ಇವನ ಸ್ಕ್ಯಾನರ್ ಮಲಗಿತ್ತು. ಅವರನ್ನು ಬೇರೆ ಅಂಗಡಿಗೆ ಕಳಿಸಬೇಕಾಯಿತು. ಗಿರಾಕಿ ಹೋದದ್ದಕ್ಕಿಂತ, ಅವರಿಗೆ ಕೊನೆಯ ಬಸ್ ಸಿಕ್ಕಿತೋ ಇಲ್ಲವೋ ಎಂಬುದೇ ಅವನ ತಲೆಯಲ್ಲಿತ್ತು.

ಒಂದು ಡಬ್ಬ, ಎರಡು ಯಂತ್ರ

ನಾವಿಬ್ಬರೂ ತಿಳಿಯದೇ ಇದ್ದದ್ದು ಒಂದೇ ವಿಷಯ. ನಮ್ಮ ಕಣ್ಣಿಗೆ ಅದು ಒಂದು ಯಂತ್ರ, ಲಿನಕ್ಸ್‌ಗೆ ಅದು ಎರಡು. ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ವ್ಯವಸ್ಥೆ. 1999ರಲ್ಲಿ ಹೊರಬಂದ ಇದನ್ನೇ ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳೂ ಬಳಸುತ್ತವೆ. ಸ್ಕ್ಯಾನ್ ಕೆಲಸ ಸೇನ್ ಎಂಬ ಬೇರೆಯೇ ವ್ಯವಸ್ಥೆಯದ್ದು. ಕಪ್ಸ್‌ಗೆ ಯಂತ್ರ ಗೊತ್ತಾಯಿತು ಅಂದ ಮಾತ್ರಕ್ಕೆ ಸೇನ್‌ಗೆ ಗೊತ್ತಾಗಬೇಕೆಂದಿಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಜೋಡಿಸಿ, ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ಪೆನ್‌ಡ್ರೈವ್‌ನಲ್ಲಿ ನೋಡಿ

ಹಳೆಯದನ್ನು ಅಳಿಸಿ ಲಿನಕ್ಸ್ ಹಾಕಲು ಅವಸರ ಬೇಡ. ಮಿಂಟ್, ಉಬುಂಟು ಎರಡನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಹಾಗೆ ಓಡಿಸಿ, ಒಂದು ಪ್ರಿಂಟ್, ಒಂದು ಸ್ಕ್ಯಾನ್ ತೆಗೆದು ನೋಡಿ. ಎರಡೂ ಬಂದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಪ್ರಿಂಟರ್ ಜೋಡಣೆ

ಯುಎಸ್‌ಬಿ ಕೇಬಲ್ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ತೆರೆಯಿರಿ. ಈಚಿನ ವರ್ಷಗಳ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತವೆ. ಮೊಬೈಲ್‌ನಿಂದ ನೇರವಾಗಿ ಪ್ರಿಂಟ್ ಕೊಡಲು ಬಂದ ತಂತ್ರಜ್ಞಾನವೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಖರೀದಿಸುವಾಗ ಡಬ್ಬದ ಮೇಲೆ ಏರ್‌ಪ್ರಿಂಟ್ ಎಂದು ಬರೆದಿದೆಯೇ ನೋಡಿ. ಇದ್ದರೆ ಲಿನಕ್ಸ್‌ಗೂ ಒಳ್ಳೆಯ ಸೂಚನೆ.

ಹಳೆಯ ಮಾಡೆಲ್ ಆದರೆ ಡ್ರೈವರ್ ಬೇಕು. ಎಚ್‌ಪಿಯವರದ್ದು ಎಚ್‌ಪಿ-ಲಿಪ್, ಪ್ರಿಂಟ್, ಸ್ಕ್ಯಾನ್ ಎರಡೂ ಅದರಲ್ಲೇ ಉಂಟು. ಕೆಲವು ಮಾಡೆಲ್‌ಗಳಿಗೆ ಮಾತ್ರ ಹೆಚ್ಚುವರಿ ಪ್ಲಗ್‌ಇನ್ ಬೇಕು, ಅದರ ಆವೃತ್ತಿ ಮತ್ತು ಎಚ್‌ಪಿ-ಲಿಪ್ ಆವೃತ್ತಿ ಒಂದೇ ಆಗಿರಬೇಕು. ಬ್ರದರ್, ಎಪ್ಸನ್ ಕಂಪೆನಿಗಳಲ್ಲಿ ಪ್ರಿಂಟರ್‌ಗೆ ಒಂದು ಪ್ಯಾಕೇಜ್, ಸ್ಕ್ಯಾನರ್‌ಗೆ ಇನ್ನೊಂದು. ಒಂದೇ ಹಾಕಿ ಸುಮ್ಮನಾಗಬೇಡಿ.

ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕಪ್ಸ್‌ನ ಪುಟ ತೆರೆಯುತ್ತದೆ. ಅಲ್ಲಿಂದಲೇ ಪ್ರಿಂಟರ್ ಸೇರಿಸಬಹುದು, ಸಿಕ್ಕಿಕೊಂಡ ಪ್ರಿಂಟ್ ರದ್ದು ಮಾಡಬಹುದು.

ಕಾಗದದ ಅಳತೆ ಎ4 ಎಂದೇ ಇದೆಯೇ ನೋಡಲು ಮರೆಯಬೇಡಿ. ಕೆಲವೊಮ್ಮೆ ಅಮೆರಿಕದ ಲೆಟರ್ ಅಳತೆ ಇರುತ್ತದೆ. ಎ4 ಉದ್ದ 297 ಮಿ.ಮೀ., ಲೆಟರ್ 279. ಈ 18 ಮಿ.ಮೀ. ವ್ಯತ್ಯಾಸದಲ್ಲಿ ನನ್ನ ಬಿಲ್‌ನ ಕೊನೆಯ ಸಾಲು, ಅಂದರೆ ಒಟ್ಟು ಮೊತ್ತವೇ ಹಾರಿಹೋಗಿತ್ತು ಮಾರಾಯ್ರೆ!

ಸ್ಕ್ಯಾನರ್ ಜೋಡಣೆ

ಡಾಕ್ಯುಮೆಂಟ್ ಸ್ಕ್ಯಾನರ್ ಎಂಬ ಸರಳ ಆ್ಯಪ್ ಮಿಂಟ್‌ನಲ್ಲಿ ಮೊದಲೇ ಇರುತ್ತದೆ. ಅದರಲ್ಲಿ ಯಂತ್ರದ ಹೆಸರು ಕಂಡರೆ ಕೆಲಸ ಆಯಿತು. ಕಾಣದಿದ್ದರೆ ಎರಡು ಕಾರಣ ನೋಡಿ.

ಒಂದು, ಸ್ಕ್ಯಾನರ್ ಪ್ಯಾಕೇಜ್ ಹಾಕದೇ ಇರುವುದು. ನನ್ನದು ಇದೇ. ಕಂಪೆನಿಯ ತಾಣದಲ್ಲಿ ಪ್ರಿಂಟರ್ ಡ್ರೈವರ್‌ನ ಕೆಳಗೇ ಇತ್ತು, ನಾನು ಕೆಳಗೆ ನೋಡಿರಲಿಲ್ಲ.

ಎರಡು, ಅನುಮತಿ ಇಲ್ಲದಿರುವುದು. ಗೆಳೆಯನ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಆಗಿ ಹುಡುಕಿದರೆ ಸ್ಕ್ಯಾನರ್ ಕಾಣುತ್ತಿತ್ತು, ಅವನ ಸ್ವಂತ ಲಾಗಿನ್‌ನಲ್ಲಿ ಕಾಣುತ್ತಿರಲಿಲ್ಲ. ಯೂಸರ್ಸ್ ಆ್ಯಂಡ್ ಗ್ರೂಪ್ಸ್ ತೆರೆದು, ಅವನ ಹೆಸರನ್ನು ಸ್ಕ್ಯಾನರ್ ಎಂಬ ಗುಂಪಿಗೆ ಸೇರಿಸಿ, ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆದಾಗ ಸರಿಯಾಯಿತು.

ಅರ್ಜಿಗಳ ದಾಖಲೆಗೆ 300 ಡಿಪಿಐ ಧಾರಾಳ ಸಾಕು. ಅದಕ್ಕಿಂತ ಹೆಚ್ಚಿಟ್ಟರೆ ಫೈಲ್ ದೊಡ್ಡದಾಗಿ ಅಪ್‌ಲೋಡ್ ಆಗುವುದಿಲ್ಲ.

ಕನ್ನಡ ಫೈಲ್‌ಗಳ ವಿಷಯ

ಯೂನಿಕೋಡ್‌ನಲ್ಲಿ ಬರೆದ ಕನ್ನಡ, ಮರಾಠಿ ಎರಡೂ ಸರಿಯಾಗಿ ಪ್ರಿಂಟ್ ಆಗುತ್ತವೆ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಆದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಪಿಡಿಎಫ್ ಮಾಡಿ ತರಲು ಗಿರಾಕಿಗಳಿಗೆ ಹೇಳಿ.

ಇದೆಲ್ಲ ಉಚಿತವಾಗಿ ಯಾಕೆ ಸಿಗುತ್ತದೆ?

ಇದರ ಹಿಂದೆಯೂ ಒಂದು ಪ್ರಿಂಟರ್ ಉಂಟು. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದ ಹೊಸ ಲೇಸರ್ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದರ ಸಾಫ್ಟ್‌ವೇರ್ ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಮೂಲ ಕೋಡ್ ಕೇಳಿದರು, ಕೊಡಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸಾಫ್ಟ್‌ವೇರ್‌ಗಾಗಿ. ನಾವು ಇಂದು ಬಳಸುವ ಲಿನಕ್ಸ್‌ನಲ್ಲಿ ಅದರ ದೊಡ್ಡ ಪಾಲು ಉಂಟು.

ಕೊನೆಗೆ ಒಂದು ಮಾತು. ಝೆರಾಕ್ಸ್ ಅಂಗಡಿಗೆ ಬರುವ ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲವೂ ನಮ್ಮ ಕೈಯಲ್ಲಿರುವ ಅಮಾನತ್. ಕೆಲಸ ಮುಗಿದ ಮೇಲೆ ಆ ಸ್ಕ್ಯಾನ್ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. ಯುವಕರೇ, ನಿಮ್ಮೂರಿನ ಸಂಘದ ಆಫೀಸಿನಲ್ಲಿ ಮೂಲೆಗೆ ಬಿದ್ದ ಕಂಪ್ಯೂಟರ್ ಇದ್ದರೆ ಒಂದು ಭಾನುವಾರ ಕೂತು ನೋಡಿ. ಅಕ್ಕಲಕೋಟದ ಗೆಳೆಯನಿಗೆ ಅರ್ಧ ದಿನ ಹಿಡಿಯಿತು. ಈಗ ಕಡೀ ದಿನ ಬಂದವರನ್ನೂ ಅವನು ಬರಿಗೈಯಲ್ಲಿ ಕಳಿಸುವುದಿಲ್ಲ.