ಕರಾವಳಿಯ ಊಟ ಮತ್ತು ಆಟ: ಯಾವ ತಿಂಗಳಲ್ಲಿ ಹೊರಡಬೇಕು?

ಕರಾವಳಿಗೆ ಒಮ್ಮೆ ಹೋಗಿಬರಬೇಕೆಂದು ನಮ್ಮ ವಾಚನಾಲಯಕ್ಕೆ ಬರುವ ಹಲವು ಬಂಧುಗಳು ಆಸೆಪಡುತ್ತಾರೆ. ಆಸೆ ಸಹಜವೇ. ಸೋನಾರ್‌ಪುರದ ಗಲ್ಲಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಮನೆಯೊಳಗಿನ ಮಾತು. ಹೊಸ್ತಿಲು ದಾಟಿದರೆ ಹಿಂದಿ, ಭೋಜಪುರಿ, ಬಂಗಾಳಿ. ಬೀದಿಯಲ್ಲಿ, ಬಸ್ಸಿನಲ್ಲಿ, ರಂಗಸ್ಥಳದಲ್ಲಿ ಕನ್ನಡ ನಡೆದಾಡುವುದನ್ನು ಅವರು ಒಮ್ಮೆ ಕಾಣಬೇಕು. ಆದರೆ ಗುಮಾಸ್ತರಿಗೂ ಕೂಲಿಗಾರರಿಗೂ ಸಿಕ್ಕುವ ರಜೆ ಹೆಚ್ಚೆಂದರೆ ಹತ್ತು ಹನ್ನೆರಡು ದಿನ. ಕೂಡಿಟ್ಟ ಹಣ ಒಂದೇ ಪ್ರಯಾಣಕ್ಕೆ ಸಾಲುವಷ್ಟು. ಆದುದರಿಂದ ಯಾವ ಊರು ನೋಡಬೇಕೆಂಬುದಕ್ಕಿಂತ ಮೊದಲು ಯಾವ ತಿಂಗಳು ಹೊರಡಬೇಕೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಕರಾವಳಿಯ ಊಟವೂ ಆಟವೂ ಋತುವಿಗೆ ಕಟ್ಟುಬಿದ್ದವು. ಆ ಕಡೆ ಯಕ್ಷಗಾನಕ್ಕೆ ‘ಆಟ’ವೆಂದೇ ಹೆಸರು.

ಮಕ್ಕಳಿಗೆ ಬೇಸಗೆ ರಜೆ ಬಂದಾಗ ಹೊರಡುವುದು ರೂಢಿ. ಉತ್ತರ ಪ್ರದೇಶದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಈ ರಜೆ ಮೇ 20ರ ಸುಮಾರಿಗೆ ಮೊದಲಾಗಿ ಜೂನ್ ನಡುವಿನ ತನಕ ಇರುತ್ತದೆ. ಕರಾವಳಿಯ ಮಟ್ಟಿಗೆ ಇದೇ ಒಗ್ಗದ ಕಾಲ. ತುಳುವರ ಪಂಚಾಂಗದಲ್ಲಿ ಬೇಸಗೆಯ ಕೊನೆಯ ಗಡುವಾದ ‘ಪತ್ತನಾಜೆ’ ಮೇ 24ರ ಸುಮಾರಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳೂ ನಿಲ್ಲುತ್ತವೆ. ಬಯಲಿನಲ್ಲಿ ನಡೆಯುವ ಆಟ ಮಳೆಯಲ್ಲಿ ನಡೆಯುವುದೆಂತು? ಮೀನು ಮರಿಯಿಡುವ ಕಾಲವಾದ್ದರಿಂದ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಕೂಡದು. ಹಾಗಾಗಿ ಮೀನೂಟ ಬಯಸಿ ಹೋದವರಿಗೆ ತಾಜಾ ಮೀನು ದುರ್ಲಭ, ಬೆಲೆಯೂ ಹೆಚ್ಚು. ಆ ಕಾಲದ ಸೊಬಗು ಬೇರೆ: ಮಳೆಯಲ್ಲಿ ಚಿಗುರಿದ ಕೆಸುವಿನೆಲೆಯ ಪತ್ರೊಡೆಯನ್ನು ಆಟಿ ತಿಂಗಳಲ್ಲೇ ತಿನ್ನಬೇಕು. ಆದರೆ ಒಂದೇ ಸಲ ಹೋಗುವವರು ಅದನ್ನು ಬಿಟ್ಟುಕೊಡುವುದೇ ಲೇಸು.

ನಮಗೆ ಒದಗುವ ಕಾಲ ಚಳಿಗಾಲದ ರಜೆ. ಅದೇ ಶಾಲೆಗಳು ಡಿಸೆಂಬರ್ 31ರಿಂದ ಜನವರಿ 14ರ ತನಕ ಮುಚ್ಚಿರುತ್ತವೆ. ಆಗ ಮೇಳಗಳು ತಿರುಗಾಟದಲ್ಲಿರುತ್ತವೆ. ಕಂಬಳದ ಗದ್ದೆಗಳಲ್ಲಿ ಕೋಣಗಳ ಓಟವಿರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಉಡುಪಿ ರಥಬೀದಿಯಲ್ಲಿ ಸಪ್ತೋತ್ಸವ. ಒಂದು ಎಚ್ಚರಿಕೆ: 2024, 2026, 2028 ಹೀಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಸಾಗುವ ಪರ್ಯಾಯ. ಆ ದಿನಗಳಲ್ಲಿ ಇಳಿದುಕೊಳ್ಳಲು ಕೋಣೆ ಸಿಕ್ಕುವುದು ಕಷ್ಟ.

ಇನ್ನು ದಾರಿ. ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿ ತೆರೆದ ಮೇಲೆ ಮುಂಬಯಿ ಮೂಲಕ ಹೋಗುವುದು ಸುಲಭವಾಯಿತು. ಕಾಶಿಯಿಂದ ಕಾಮಾಯನಿ ಎಕ್ಸ್‌ಪ್ರೆಸ್ ಲೋಕಮಾನ್ಯ ತಿಲಕ್ ಟರ್ಮಿನಸಿಗೆ ಮುಟ್ಟುತ್ತದೆ. ಮಂಗಳೂರಿನ ಮತ್ಸ್ಯಗಂಧಾ ಹೊರಡುವುದೂ ಅಲ್ಲಿಂದಲೇ. ಮಹಾನಗರಿಯಲ್ಲಿ ಹೋದರೆ ಬೇರೆ ನಿಲ್ದಾಣದಲ್ಲಿ ಇಳಿದು, ಗಂಟುಮೂಟೆ ಹೊತ್ತು ನಗರ ದಾಟಬೇಕಾಗುತ್ತದೆ. ಜನವರಿಯ ಮಂಜಿನಲ್ಲಿ ನಮ್ಮ ಕಡೆಯ ಗಾಡಿಗಳು ತಡವಾಗುವುದುಂಟಾದ್ದರಿಂದ ಎರಡು ಗಾಡಿಗಳ ನಡುವೆ ಅರ್ಧ ದಿನವಾದರೂ ಬಿಡುವಿರಲಿ. ಹೋಗಲು ಎರಡೂವರೆ ದಿನ, ಬರಲು ಅಷ್ಟೇ ಎಂದಿಟ್ಟುಕೊಳ್ಳಿ. ಹನ್ನೆರಡರಲ್ಲಿ ಏಳು ದಿನ ಉಳಿಯಿತು. ಬೆಂಗಳೂರಿನಲ್ಲಿ ನೆಂಟರಿರುವವರು ಮೈಸೂರಿನ ಗಾಡಿಯಲ್ಲಿ ಅಲ್ಲಿಗೆ ಹೋಗಿ, ಸಕಲೇಶಪುರದ ಘಟ್ಟ ಇಳಿದು ಮಂಗಳೂರು ಸೇರಬಹುದು.

ಏಳು ದಿನಗಳಲ್ಲಿ ಕಾರವಾರದಿಂದ ಕಾಸರಗೋಡಿನ ತನಕ ಓಡಬಾರದು. ಉಡುಪಿಯಲ್ಲಿ ಮೂರು ದಿನ, ಮಂಗಳೂರಿನಲ್ಲಿ ಮೂರು ದಿನ, ಒಂದು ದಿನ ಕೈಯಲ್ಲಿ. ಉಡುಪಿಯಿಂದ ಮಲ್ಪೆಯ ಕಡಲು, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟ, ಶಿವರಾಮ ಕಾರಂತರು ಹುಟ್ಟಿದ ಕೋಟ. ಮಂಗಳೂರಿನಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಟೀಲು, ಗೋವಿಂದ ಪೈಗಳ ಮಂಜೇಶ್ವರ. ಮಂಜೇಶ್ವರ 1956ರಿಂದ ಕೇರಳಕ್ಕೆ ಸೇರಿದೆ. ನಮ್ಮಂತೆಯೇ ರಾಜ್ಯದ ಹೊರಗಿದ್ದು ಕನ್ನಡ ಉಳಿಸಿಕೊಂಡ ನೆಲವದು. ಗೋಕರ್ಣವನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ.

ಖರ್ಚಿನ ಮಾತು. ಧರ್ಮಸ್ಥಳ, ಉಡುಪಿ, ಕಟೀಲು, ಕೊಲ್ಲೂರುಗಳಲ್ಲಿ ಯಾತ್ರಿಕರಿಗೆ ಅನ್ನಪ್ರಸಾದ ಉಂಟು. ಹರಕೆಯ ಆಟಕ್ಕೆ ಟಿಕೇಟಿಲ್ಲ. ಆಡಿಸುವ ಮನೆಯವರೇ ಖರ್ಚು ವಹಿಸುತ್ತಾರೆ, ಯಾರೂ ಹೋಗಿ ಕೂರಬಹುದು. ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಲ್ಲಿ ಮೊದಲಾದ ಉಚಿತ ಪ್ರಯಾಣ ಕರ್ನಾಟಕದ ವಿಳಾಸವಿದ್ದವರಿಗೆ ಮಾತ್ರ. ಕಾಶಿಯ ವಿಳಾಸದ ಆಧಾರ್ ಇದ್ದವರು ಟಿಕೇಟು ಕೊಳ್ಳಬೇಕು.

ತಿಂಡಿಗೆ ನೀರುದೋಸೆ, ಮಂಗಳೂರು ಬನ್ಸು, ಗೋಳಿಬಜೆ, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು; ಊಟಕ್ಕೆ ಕುಚ್ಚಲಕ್ಕಿ ಅನ್ನ. ಮೀನು ತಿನ್ನುವವರಿಗೆ ಬಂಗುಡೆ ಪುಳಿಮುಂಚಿ, ಕೋಳಿಗೆ ಗರಿಗರಿ ರೊಟ್ಟಿ. ಸಸ್ಯಾಹಾರಿಗಳು ಮಟ್ಟುಗುಳ್ಳದ ಹುಳಿ ಕೇಳಿ ಉಣ್ಣಬೇಕು. ಉಡುಪಿ ಬಳಿಯ ಮಟ್ಟು ಗ್ರಾಮದ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಮಕ್ಕಳನ್ನು ಆಟಕ್ಕೆ ತಪ್ಪದೆ ಕರೆದೊಯ್ಯಿರಿ. ಅಲ್ಲಿ ವೇಷಧಾರಿಗಳಿಗೆ ಬರೆದುಕೊಟ್ಟ ಮಾತಿಲ್ಲ. ಭಾಗವತರು ಪದ ಹೇಳಿದ ಮೇಲೆ ಅದರ ಅರ್ಥವನ್ನು ರಂಗದ ಮೇಲೆಯೇ ಕಟ್ಟಿ ನುಡಿಯುತ್ತಾರೆ, ಇಂಗ್ಲಿಷಿನ ಒಂದು ಪದವೂ ಸೇರದ ಕನ್ನಡದಲ್ಲಿ. ಕೇಳುವವರಲ್ಲಿ ಮನೆಯಲ್ಲಿ ತುಳು, ಕೊಂಕಣಿ ಆಡುವವರೇ ಅನೇಕರು. ಮನೆಮಾತು ಯಾವುದಿದ್ದರೂ ಕನ್ನಡವನ್ನು ಹೀಗೆ ಆಳಬಹುದೆಂದು ನಮ್ಮ ಮಕ್ಕಳು ತಿಳಿಯಲಿ. ಕೋಲ ಮಾತ್ರ ಪೂಜೆ, ನೋಟವಲ್ಲ. ಕೇಳದೆ ಚಿತ್ರ ತೆಗೆಯಬಾರದು.

ರೈಲು ಟಿಕೇಟು ಈಗ 60 ದಿನ ಮುಂಚೆ ತೆರೆಯುತ್ತದೆ. ಡಿಸೆಂಬರ್ 31ಕ್ಕೆ ಹೊರಡುವವರಿಗೆ ಆ ದಿನ ನವೆಂಬರ್ 1, ನಮ್ಮ ರಾಜ್ಯೋತ್ಸವ. ಬೆಳಿಗ್ಗೆ ಟಿಕೇಟು ಮಾಡಿಸಿ, ಆಮೇಲೆ ಧ್ವಜವಂದನೆಗೆ ಬನ್ನಿರಿ.